ಚೀಟಿ ಹೋದ ಬಾಟಲಿಗಳನ್ನು ಏನು ಮಾಡಲಿ?

ಪ್ರಶ್ನೆ: ನಾನು ಒಂದು ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕಿರಿಯ ವಿಶ್ಲೇಷಕಿ. ನಮ್ಮ ಲ್ಯಾಬನ್ನು ಜಿಲ್ಲಾ ಕೇಂದ್ರದ ಲ್ಯಾಬಿಗೆ ಸೇರಿಸಿ ಆದೇಶ ಬಂದಿದೆ. ಮೂರು ತಿಂಗಳಲ್ಲಿ ಕಟ್ಟಡ ಖಾಲಿ ಮಾಡಿ ಬೇರೆ ಇಲಾಖೆಗೆ ಒಪ್ಪಿಸಬೇಕು. ಹಿಂದಿನ ಕೋಣೆಯಲ್ಲಿ ಎರಡು ಬೀರು ತುಂಬ ಹಳೇ ಕೆಮಿಕಲ್‌ಗಳಿವೆ. ಅರ್ಧಕ್ಕರ್ಧ ಬಾಟಲಿಗಳ ಚೀಟಿ ಓದೋದಕ್ಕೇ ಬರುವುದಿಲ್ಲ. ಸಿಓಡಿ ಪರೀಕ್ಷೆ (ನೀರಿನಲ್ಲಿ ಎಷ್ಟು ಕೊಳೆಯಿದೆ ಎಂದು ರಾಸಾಯನಿಕ ಹಾಕಿ ಅಳೆಯುವುದು) ಮಾಡಿ ಉಳಿದ ಆಸಿಡ್ ಕ್ಯಾನುಗಳಲ್ಲಿದೆ. "ಹಿತ್ತಲಲ್ಲಿ ಗುಂಡಿ ತೆಗೆಸಿ ಹೂತುಬಿಡಿ, ಮಿಷನ್ನುಗಳನ್ನು ಗುಜರಿಗೆ ಹಾಕಿ" ಅಂತ ಸಾಹೇಬರು ಬಾಯಲ್ಲಿ ಹೇಳಿದ್ದಾರೆ, ಬರೆದು ಕೊಟ್ಟಿಲ್ಲ. ಏನು ಮಾಡಲಿ?

ಉತ್ತರ: ಬರೆದು ಕೊಟ್ಟಿಲ್ಲ ಎಂದಿರಲ್ಲ, ಅದು ಸರಿಯಲ್ಲ ಅಂತ ಅವರಿಗೂ ಗೊತ್ತು. ನಾಳೆಯೇ ಕಡತದಲ್ಲಿ ಒಂದು ಟಿಪ್ಪಣಿ ಹಾಕಿ: ಇಷ್ಟು ರಾಸಾಯನಿಕಗಳಿವೆ, ವಿಲೇವಾರಿಗೆ ಲಿಖಿತ ಸೂಚನೆ ಬೇಕು, ಹಣ ಬೇಕು. ಜಗಳ ಬೇಡ. ಟಿಪ್ಪಣಿ ಮೇಲಕ್ಕೆ ಹೋದ ಮೇಲೆ ಗುಂಡಿಯ ಮಾತು ತಾನಾಗಿ ನಿಲ್ಲುತ್ತದೆ. ನನ್ನ ಸರ್ವಿಸಿನಲ್ಲಿ ಎರಡು ಸಲ ನಿಂತಿದೆ.

ಹೂಳಬಾರದು ಏಕೆ ಎಂದು ಸಾಹೇಬರು ಕೇಳಿದರೆ ಈ ಲೆಕ್ಕ ತೋರಿಸಿ. 20 ಮಿಲಿ ಮಾದರಿಯ ಒಂದು ಸಿಓಡಿ ಪರೀಕ್ಷೆಗೆ ನಾವು ಸುಮಾರು 0.4 ಗ್ರಾಂ ಮರ್ಕ್ಯೂರಿಕ್ ಸಲ್ಫೇಟ್ ಹಾಕುತ್ತೇವೆ. ಅದರಲ್ಲಿ ಪಾದರಸವೇ 270 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಅಂದರೆ ಒಂದೇ ಒಂದು ಫ್ಲಾಸ್ಕಿನ ಉಳಿಕೆ 2 ಲಕ್ಷ 70 ಸಾವಿರ ಲೀಟರ್ ನೀರನ್ನು, 5,000 ಲೀಟರಿನ 54 ಟ್ಯಾಂಕರುಗಳನ್ನು, ಆ ಮಿತಿಗೆ ಮುಟ್ಟಿಸುತ್ತದೆ. ನಿಮ್ಮ ಕ್ಯಾನುಗಳಲ್ಲಿ ಎಷ್ಟು ಫ್ಲಾಸ್ಕಿನದು ಇದೆಯೋ ಗುಣಿಸಿಕೊಳ್ಳಿ. ಊರಿನ ಬಾವಿ ನೀರಿಗೆ ಸರ್ಟಿಫಿಕೇಟ್ ಕೊಡುವವರು ನಾವು. ಆ ಹಿತ್ತಲಿನ ಪಕ್ಕದ ಬೋರ್‌ವೆಲ್ಲಿನ ಮಾದರಿ ಮುಂದೊಂದು ದಿನ ಜಿಲ್ಲಾ ಲ್ಯಾಬಿನಲ್ಲಿ ನಿಮ್ಮ ಮೇಜಿಗೇ ಬಂದೀತು.

ಈಗ ಕೆಲಸಕ್ಕೆ ಬನ್ನಿ. ಮೊದಲು ಪಟ್ಟಿ. ಒಂದು ಉದ್ದ ಪುಸ್ತಕ ತಗೊಂಡು ಬಾಟಲಿಯ ಹೆಸರು, ಎಷ್ಟು ಉಳಿದಿದೆ, ಯಾವ ವರ್ಷದ್ದು, ಮುಚ್ಚಳ ಹೇಗಿದೆ ಎಂದು ಬರೆಯಿರಿ. ಒಬ್ಬರೇ ಮಾಡಬೇಡಿ, ಕಿಟಕಿ ತೆರೆದಿರಲಿ, ಏನನ್ನೂ ಮೂಸಿ ನೋಡಬೇಡಿ. ಹೊಸದಾಗಿದ್ದು ಸೀಲ್ ಒಡೆಯದ ಬಾಟಲಿಗಳು ಕಸವಲ್ಲ. ಜಿಲ್ಲಾ ಲ್ಯಾಬಿಗೋ ಹತ್ತಿರದ ಸರಕಾರಿ ಕಾಲೇಜಿಗೋ ಸ್ವೀಕೃತಿ ಬರೆಸಿಕೊಂಡು ಕೊಡಿ. ಹೊರೆ ಅರ್ಧ ಇಳಿಯುತ್ತದೆ.

ಚೀಟಿ ಹೋದ ಬಾಟಲಿಗಳ ವಿಚಾರಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಮುಚ್ಚಿಸಿದ ಲ್ಯಾಬಿನಲ್ಲಿ ಐದು ಲೀಟರಿನ ಕಂದು ಜಾಡಿಯೊಂದಿತ್ತು. ಮೇಲೆ ನೀಲಿ ಶಾಯಿಯಲ್ಲಿ 'ಬಿ–2' ಅಂತ ಮಾತ್ರ ಬರೆದಿತ್ತು. ದಾಸ್ತಾನು ವಹಿಯಲ್ಲಿ ಬಿ–2 ಎಂಬುದೇ ಇಲ್ಲ. ನೀರಿನಂತೆ ತಿಳಿ, ವಾಸನೆಯ ಸುಳಿವಿಲ್ಲ. ನಮ್ಮ ಹುಡುಗನೊಬ್ಬ ಡಿಸ್ಟಿಲ್ಡ್ ನೀರು ಎಂದು ಸಿಂಕಿಗೆ ಸುರಿಯಲು ಹೊರಟಿದ್ದ. ತಡೆದು, ನಿವೃತ್ತರಾಗಿದ್ದ ನಮ್ಮ ಹಳೇ ಅಟೆಂಡರ್ ಮನೆಗೆ ಹೋದೆ. ಜಗುಲಿಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದರು. ಮೊಬೈಲಿನಲ್ಲಿ ಜಾಡಿಯ ಫೋಟೊ ತೋರಿಸಿದೆ. "ಅದು ಆರ್ಸನೈಟ್ ಅಲ್ವಾ ಸಾರ್, ಫ್ಲೋರೈಡ್ ನೋಡೋಕೆ ಮುಂಚೆ ಕ್ಲೋರಿನ್ ಕೊಲ್ಲೋಕೆ ಹಾಕ್ತಿದ್ವಲ್ಲ. ಬೀರು ಬಿ, ಎರಡನೇ ಖಾನೆ" ಎಂದರು, ಅಡಕತ್ತರಿ ಕೆಳಗಿಡದೆ. ಸೋಡಿಯಂ ಆರ್ಸನೈಟ್ ಅಂದರೆ ಪಾಷಾಣವೇ. ಆದ್ದರಿಂದ ನಿಮ್ಮಲ್ಲಿ ಹಿಂದೆ ಕೆಲಸ ಮಾಡಿದವರು ಬದುಕಿದ್ದರೆ ಈ ವಾರವೇ ಹೋಗಿ ಕೇಳಿ, ಸಾಧ್ಯವಾದರೆ ಲ್ಯಾಬಿಗೇ ಕರೆತನ್ನಿ. ಅಷ್ಟಾದರೂ ಗೊತ್ತಾಗದ್ದರ ಮೇಲೆ 'ಏನೆಂದು ಗೊತ್ತಿಲ್ಲ' ಎಂದೇ ದಪ್ಪಗೆ ಬರೆದು ಬೇರೆ ಇಡಿ. ಊಹೆಯ ಹೆಸರು ಬರೆಯಬೇಡಿ.

ಜಾಗ ಉಳಿಸಲೆಂದು ಒಂದಕ್ಕೊಂದು ಸುರಿಯುವ ಚಾಳಿ ನಮ್ಮಲ್ಲಿದೆ. ಸಯನೈಡಿಗೆ ಆಸಿಡ್ ತಾಗಿದರೆ ಹೊಮ್ಮುವ ಅನಿಲ ಕೋಣೆಯಲ್ಲಿದ್ದವರನ್ನು ಹೊರಗೆ ಬರಗೊಡುವುದಿಲ್ಲ. ಬ್ಲೀಚಿಂಗ್ ಪುಡಿಗೆ ಆಸಿಡ್ ಬಿದ್ದರೆ ಕ್ಲೋರಿನ್. ಕರಗಿದ ಆಮ್ಲಜನಕ ಅಳೆಯುವ ದ್ರಾವಣದಲ್ಲಿ ಸೋಡಿಯಂ ಅಜೈಡ್ ಇರುತ್ತದೆ. ಅದನ್ನು ಸಿಂಕಿಗೆ ಬಿಟ್ಟರೆ ಸೀಸ, ತಾಮ್ರದ ಪೈಪಿನೊಳಗೆ ಸಿಡಿಯುವ ಲವಣ ಕಟ್ಟುತ್ತದೆ. ಎಷ್ಟೋ ವರ್ಷದ ಮೇಲೆ ಪ್ಲಂಬರ್ ಬಂದು ಗರಗಸ ಇಟ್ಟಾಗ ಗೊತ್ತಾಗುತ್ತದೆ. ನೈಟ್ರಿಕ್ ಆಸಿಡ್ ಬಾಟಲಿಗಳ ನಡುವೆ ಮರದ ಹೊಟ್ಟು, ಹುಲ್ಲು ತುರುಕಬೇಡಿ, ಬೆಂಕಿ ಹತ್ತುತ್ತದೆ. ಒಣ ಮರಳು ಸಾಕು.

ಪಟ್ಟಿ ಸಿದ್ಧವಾದ ಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಸರಕಾರಿ ಲ್ಯಾಬಿಗೂ ಅನ್ವಯ. ಇಂಥ ತ್ಯಾಜ್ಯವನ್ನು ಆವರಣದಲ್ಲಿ 90 ದಿನ ಇಟ್ಟುಕೊಳ್ಳಬಹುದು. ವರ್ಷಕ್ಕೆ 10 ಟನ್ನಿನೊಳಗಿನವರಿಗೆ ಮಂಡಳಿ 180 ದಿನದ ತನಕ ಅವಕಾಶ ಕೊಡಬಹುದು. ನಿಮ್ಮ ಮೂರು ತಿಂಗಳು ಸಾಲದಿದ್ದರೆ ಈ ನಿಯಮ ಹಿಡಿದು ಕೇಳಿ. ತ್ಯಾಜ್ಯ ಕೊನೆಗೆ ಸೇರಬೇಕಾದದ್ದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ಸಂಸ್ಕರಣಾ ಘಟಕಕ್ಕೆ, ಪರವಾನಗಿಯಿರುವ ಲಾರಿಯಲ್ಲಿ. ಲಾರಿಯ ಜೊತೆ ಹೋಗುವ ನಮೂನೆ 10ಕ್ಕೆ ಏಳು ಪ್ರತಿ, ಏಳೂ ಬೇರೆ ಬೇರೆ ಬಣ್ಣ. ಹಳದಿ ನಿಮ್ಮಲ್ಲೇ ಉಳಿಯುತ್ತದೆ. ನೀಲಿಯನ್ನು ಘಟಕದವರು ಸಹಿ ಹಾಕಿ ನಿಮಗೆ ವಾಪಸು ಕಳಿಸಬೇಕು. ಆ ನೀಲಿ ಕಾಗದ ಕೈಗೆ ಬರುವವರೆಗೆ ಕಟ್ಟಡ ಒಪ್ಪಿಸಿದ ಪತ್ರಕ್ಕೆ ರುಜು ಹಾಕಬೇಡಿ. ಲಾರಿ ಗೇಟು ದಾಟಿದ ಮಾತ್ರಕ್ಕೆ ಸರಕು ದಾಬಸ್‌ಪೇಟೆ ಮುಟ್ಟಿತು ಎಂದಲ್ಲ.

ಇನ್ನು ಗುಜರಿ. ದೆಹಲಿಯ ಗುಜರಿ ಪೇಟೆ ಮಾಯಾಪುರಿಯ ಸುದ್ದಿ ನಿಮ್ಮ ಸಾಹೇಬರಿಗೆ ನೆನಪಿರಬಹುದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತಂದ ಗಾಮಾ ಯಂತ್ರವೊಂದು 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರವರಿಯಲ್ಲಿ ಹಳೇ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಗುಜರಿಯವರು ಒಡೆದಾಗ ಒಳಗಿದ್ದ, ವಿಕಿರಣ ಸೂಸುವ ಕೋಬಾಲ್ಟ್–60 ಹೊರಬಿತ್ತು. ಏಪ್ರಿಲ್ ಹೊತ್ತಿಗೆ ಹಲವರು ಆಸ್ಪತ್ರೆಯಲ್ಲಿದ್ದರು, ಒಬ್ಬರು ತೀರಿಕೊಂಡರು. ನಿಮ್ಮಲ್ಲಿ ಗಾಮಾ ಯಂತ್ರ ಇರಲಾರದು. ಆದರೆ ಕೀಟನಾಶಕ ನೋಡುವ ಹಳೇ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇದ್ದರೆ ಅದರ ಡಿಟೆಕ್ಟರಿನೊಳಗೆ ನಿಕಲ್–63 ಎಂಬ ವಿಕಿರಣ ವಸ್ತುವಿನ ತೆಳು ಹಾಳೆ ಇರಬಹುದು. ಕೋಬಾಲ್ಟಿನಷ್ಟು ಉಗ್ರವಲ್ಲ, ಹಾಗಂತ ಗುಜರಿಗೂ ಸಲ್ಲದು. ಮೂರು ರೆಕ್ಕೆಯ ವಿಕಿರಣ ಚಿಹ್ನೆ ಕಂಡರೆ ಅಲ್ಲೇ ಬಿಟ್ಟು ಅಣುಶಕ್ತಿ ನಿಯಂತ್ರಣ ಮಂಡಳಿಗೆ ಬರೆಯಿರಿ. ಸಿಲಿಂಡರುಗಳನ್ನು ಸರಬರಾಜುದಾರರಿಗೆ ಹಿಂತಿರುಗಿಸಿ.

ಕೊನೆಗೆ ಸಿಂಕಿನ ಕೆಳಗಿನ ಬಾಗು ಪೈಪು ಬಿಚ್ಚಿಸಿ ನೋಡಿ, ಕೆಳಗೆ ಪ್ಲಾಸ್ಟಿಕ್ ಟ್ರೇ ಇರಲಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಒಡೆದ ಥರ್ಮಾಮೀಟರಿನದೆಲ್ಲ ಅಲ್ಲಿ ಕೂತಿರುತ್ತದೆ. ನಮ್ಮಲ್ಲಿ ಬಿಚ್ಚಿದಾಗ ಒಂದು ಕಾಫಿ ಲೋಟದ ಕಾಲುಭಾಗ ಸಿಕ್ಕಿತು, ಕೈಯಲ್ಲಿ ಹಿಡಿದರೆ ಕಲ್ಲಿನ ಭಾರ.

ಪ್ರಶ್ನೆ: ನಾನು ಹೈಸ್ಕೂಲು ವಿಜ್ಞಾನ ಶಿಕ್ಷಕ. ಹಳೇ ಅಲಮಾರಿಯಲ್ಲಿ 'ಪಿಕ್ರಿಕ್ ಆಸಿಡ್' ಎಂಬ ಬಾಟಲಿ ಸಿಕ್ಕಿದೆ, ಹಳದಿ ಪುಡಿ ಒಣಗಿ ಗಟ್ಟಿಯಾಗಿದೆ. ನೀರು ಹಾಕಿ ಕರಗಿಸಿ ಚೆಲ್ಲಬಹುದೇ?

ಉತ್ತರ: ಮುಚ್ಚಳ ಮುಟ್ಟಬೇಡಿ. ಪಿಕ್ರಿಕ್ ಆಸಿಡನ್ನು ಸದಾ ನೀರಿನಲ್ಲಿ ನೆನೆಸಿಟ್ಟಿರಬೇಕು. ಒಣಗಿದರೆ ಅದು ಸಿಡಿಮದ್ದು, ಮೊದಲನೇ ಮಹಾಯುದ್ಧದ ಫಿರಂಗಿ ಗುಂಡುಗಳಿಗೆ ತುಂಬಿದ ಸರಕು. ಮುಚ್ಚಳದ ಮರೆಯಲ್ಲಿ ಕಟ್ಟಿದ ಹರಳು ತಿರುಗಿಸುವಾಗಿನ ಉಜ್ಜಾಟಕ್ಕೇ ಸಿಡಿಯಬಹುದು. ಬಾಟಲಿ ಎತ್ತಬೇಡಿ, ಅಲುಗಿಸಬೇಡಿ. ಕೋಣೆಗೆ ಬೀಗ ಹಾಕಿ ಪೊಲೀಸರಿಗೆ ಫೋನ್ ಮಾಡಿ ಬಾಂಬ್ ನಿಷ್ಕ್ರಿಯ ದಳ ಬೇಕೆಂದು ಸ್ಪಷ್ಟವಾಗಿ ಹೇಳಿ. ಠಾಣೆಯಲ್ಲಿ ನಕ್ಕರೆ ನಗಲಿ. ಮುಖ್ಯೋಪಾಧ್ಯಾಯರು ನೋಡುತ್ತೇನೆ ಎಂದು ಬಂದರೆ ಫೋಟೊ ತೋರಿಸಿ. ಅಲಮಾರಿಯ ಬಾಗಿಲು ತೆರೆದಿದ್ದರೆ ಹಾಗೇ ಇರಲಿ, ಢಬ್ ಅಂತ ಮುಚ್ಚಬೇಡಿ.