ಸಾಗರದ ಕಡೆಯ ಸಣ್ಣ ರಂಗತಂಡವೊಂದು ವಿದೇಶದ ಉತ್ಸವಗಳ ಸಂಪರ್ಕ ಬೆಳೆಸಿಕೊಳ್ಳುವುದು ಹೇಗೆ?

ಅರ್ಜಿ ಹಾಕುವ ಮೊದಲು ಪರಿಚಯ ಬೆಳೆಸಿಕೊಳ್ಳಿ. ಉತ್ಸವಕ್ಕೆ ನಾಟಕ ಆರಿಸುವವರು ಸಾಮಾನ್ಯವಾಗಿ ತಾವು ಕಂಡ, ಇಲ್ಲವೇ ತಾವು ನಂಬುವವರು ಕಂಡು ಮೆಚ್ಚಿದ ಪ್ರಯೋಗವನ್ನೇ ಕರೆಸುತ್ತಾರೆ. ವಿಮಾನದ ಟಿಕೆಟ್, ವೀಸಾ, ವಸತಿಯ ಹೊಣೆ ಹೊತ್ತು ಗುರುತಿಲ್ಲದ ತಂಡವನ್ನು ಕರೆಸಲು ಯಾರಾದರೂ ಹಿಂಜರಿಯುತ್ತಾರೆ. 1981ರಲ್ಲಿ ಯುರೋಪಿನಲ್ಲಿ ಆರಂಭವಾದ ಐಇಟಿಎಂನಂತಹ ರಂಗಕರ್ಮಿಗಳ ಜಾಲಗಳಿಂದ ಆಗುವ ದೊಡ್ಡ ಉಪಕಾರವೆಂದರೆ ಇಂತಹ ಮುಖಪರಿಚಯವೇ.

ಹಾಗಾಗಿ ಒಂದು ಪೂರ್ಣ ಪ್ರದರ್ಶನದ ವಿಡಿಯೊವನ್ನು ಎಲ್ಲಿಯೂ ಕತ್ತರಿಸದೆ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಸಿದ್ಧವಿಟ್ಟುಕೊಳ್ಳಿ. ಜೊತೆಗೆ ರಂಗದ ಅಳತೆ, ಬೇಕಾದ ದೀಪಗಳು, ಪ್ರಯಾಣಿಸುವವರ ಸಂಖ್ಯೆ, ರಂಗಸಜ್ಜಿಕೆಯ ತೂಕ ಇವಿಷ್ಟೂ ಒಂದೇ ಪುಟದಲ್ಲಿರಲಿ. ಆ ಪುಟ ಕೈಯಲ್ಲಿದ್ದರೆ ಸಂಘಟಕರು ಖರ್ಚನ್ನು ಕೂತಲ್ಲೇ ಲೆಕ್ಕ ಹಾಕಬಲ್ಲರು. ಹದಿನೈದು ಜನರ ನಾಟಕಕ್ಕಿಂತ ಮೂವರದ್ದು ಬೇಗ ಗಡಿ ದಾಟುತ್ತದೆ.

ಮಲೆನಾಡಿನ ಕಲಾವಿದರಿಗೆ ಅಡ್ಡಿಯಾಗಿರುವುದು ದೂರ ಮತ್ತು ಹಣ, ಪ್ರತಿಭೆಯ ಕೊರತೆ ಖಂಡಿತ ಅಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯಲ್ಲಿದ್ದುಕೊಂಡೇ ನಾಡಿನಾಚೆಯವರನ್ನು ತನ್ನೆಡೆಗೆ ಸೆಳೆಯಿತು. ಮೊದಲು ತ್ರಿಶೂರಿನ ಕೇರಳ ಅಂತರರಾಷ್ಟ್ರೀಯ ನಾಟಕೋತ್ಸವಕ್ಕೆ ಪ್ರೇಕ್ಷಕರಾಗಿಯೇ ಹೋಗಿಬನ್ನಿ. ಹೊರದೇಶದ ತಂಡಗಳು ಅಲ್ಲಿಗೇ ಬರುತ್ತವೆ. ಪ್ರಯಾಣದ ಖರ್ಚು ಸಿಗುವ ಅವಕಾಶಗಳನ್ನು, ಕಲಾವಿದರ ದೇಶಾಂತರ ಓಡಾಟಕ್ಕೆ ನೆರವಾಗುವ ‘ಆನ್ ದ ಮೂವ್’ ಜಾಲ ಉಚಿತವಾಗಿ ಪ್ರಕಟಿಸುತ್ತದೆ. ಪೂರ್ತಿ ಖರ್ಚೋ, ಒಂದು ಪಾಲು ಮಾತ್ರವೋ ಎಂಬುದನ್ನು ಓದಿಕೊಂಡೇ ಅರ್ಜಿ ಹಾಕಿ.