ಕರುಳು ತೊಳೆಸಿದರೆ ಮೈಯ ವಿಷ ಹೊರಹೋಗುತ್ತದೆಯೇ?

ಇಲ್ಲ. ಮೈಸೂರಿನ ಪ್ರಕೃತಿ ಚಿಕಿತ್ಸೆಯಲ್ಲಿ ಎನಿಮಾ (ಗುದದ್ವಾರದ ಮೂಲಕ ಕರುಳಿಗೆ ನೀರು ಹಾಯಿಸುವುದು) ರೂಢಿಯಲ್ಲಿದೆ ನಿಜ, ಆದರೆ ಕರುಳಿನ ಗೋಡೆಗೆ ವರ್ಷಗಟ್ಟಲೆ ಮಲ ಅಂಟಿಕೊಂಡಿರುವುದಿಲ್ಲ. ಒಳಪದರವೇ ಕೆಲವು ದಿನಗಳಿಗೊಮ್ಮೆ ಹೊಸದಾಗುತ್ತದೆ. ವಿಷ ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಯದು.

ಎನಿಮಾ ಉಪಯೋಗಕ್ಕೆ ಬರುವುದು ಗಟ್ಟಿಯಾದ ಮಲ ಇಳಿಸಲು. ದೊಡ್ಡವರಿಗೆ ಅರ್ಧದಿಂದ ಮುಕ್ಕಾಲು ಲೀಟರ್, ಸುಮಾರು 37 ಡಿಗ್ರಿ ಬೆಚ್ಚಗಿನ ನೀರು. ಎಡಮಗ್ಗುಲಾಗಿ ಮಲಗಬೇಕು, ನೀರಿನ ಡಬ್ಬಿ ಸೊಂಟಕ್ಕಿಂತ ಒಂದೂವರೆ ಅಡಿ ಮೇಲಿರಲಿ. ಅದಕ್ಕಿಂತ ಎತ್ತರಿಸಿದರೆ ಒತ್ತಡ ಹೆಚ್ಚಿ ಹೊಟ್ಟೆ ನುಲಿಯುತ್ತದೆ. ನೋವಾದರೆ ಕೂಡಲೇ ನಿಲ್ಲಿಸಿ. ಯಂತ್ರದಿಂದ ದೊಡ್ಡ ಕರುಳು ತೊಳೆಯುವ ಕೊಲೊನ್ ಹೈಡ್ರೋಥೆರಪಿಯಲ್ಲಿ ಹತ್ತಾರು ಲೀಟರ್ ನೀರು ಹರಿಯುತ್ತದೆ. ರಕ್ತದ ಸೋಡಿಯಂ ಕುಸಿಯಬಹುದು, ಅಪರೂಪಕ್ಕೆ ಕರುಳೇ ತೂತಾಗಬಹುದು. ಕಾಫಿ ಎನಿಮಾ ಬೇಡವೇ ಬೇಡ, ಕರುಳು ಸುಟ್ಟ ಪ್ರಕರಣಗಳಿವೆ.

ಹೃದಯ, ಕಿಡ್ನಿ ಕಾಯಿಲೆ, ಕರುಳಿನ ಉರಿಯೂತ, ರಕ್ತ ಬರುವ ಮೂಲವ್ಯಾಧಿ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಮಾಡಿಸಬಾರದು. ಆಯುರ್ವೇದದಲ್ಲಿ ಗುದದ ಮೂಲಕವೇ ಕೊಡುವ ಬಸ್ತಿ ಚಿಕಿತ್ಸೆ ಬೇರೆಯೇ: ಅದರಲ್ಲಿ ಕಷಾಯ, ಎಣ್ಣೆ ಔಷಧಿಯಾಗಿ ಸೇರುತ್ತವೆ.

ದಿನನಿತ್ಯದ ಮಲಬದ್ಧತೆಗೆ ಮುದ್ದೆ, ಸೊಪ್ಪಿನ ಸಾರೇ ಮೊದಲ ದಾರಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಜೊತೆಗೆ ನೀರು ಸಾಲದಿದ್ದರೆ ಅದೇ ನಾರು ಮಲವನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತೊಳೆಸಲು ಹೋಗದೆ ಮೊದಲು ತಪಾಸಣೆ ಮಾಡಿಸಿ.