ಆಸ್ಟ್ರಿಯಾದ ಫೈರ್ ಬ್ರಿಗೇಡ್ ಸ್ಪರ್ಧೆಯ ರಿಲೇಯಲ್ಲಿ ಜೋರಾಗಿ ಓಡುವವರನ್ನು ಎಲ್ಲಿ ನಿಲ್ಲಿಸಬೇಕು? ರಿಲೇ ಗೆದ್ದರೆ ಮುಂದಿನ ಸುತ್ತಿಗೆ ಹೋಗ್ತೀವಾ?

ನಾನೂ ನಿಮ್ಮ ಹಾಗೇ ಕೆಲಸಕ್ಕೆ ಅಂತ ಬಂದವನು. ತೀರ್ಥಹಳ್ಳಿ ಕಡೆಯವನು. ಇಲ್ಲಿನ ಹಳ್ಳಿಯಲ್ಲಿ ಮನೆ ಮಾಡಿದ ಎರಡನೇ ವರ್ಷ ಸ್ವಯಂಸೇವಕರ ಫೈರ್ ಬ್ರಿಗೇಡ್ ಸೇರಿದೆ. ಮೊದಲ ಬೇಸಿಗೆಯಲ್ಲೇ ಜಿಲ್ಲಾ ಸ್ಪರ್ಧೆಗೆ ಹೆಸರು ಕೊಟ್ಟರು. ಶಾಲೆಯಲ್ಲಿ ರಿಲೇ ಓಡಿದ್ದೆ, ಹಾಗಾಗಿ 50 ಮೀಟರ್ ಏನು ಮಹಾ ಅಂದುಕೊಂಡೆ.

ಮೊದಲು ಒಂದು ವಿಷಯ. ರಿಲೇ ಗೆದ್ದು ಮುಂದಿನ ಸುತ್ತಿಗೆ ಹೋಗೋದು ಅಂತ ಇಲ್ಲಿ ಇಲ್ಲವೇ ಇಲ್ಲ. ರಿಲೇಗೆ ಹೀಟ್ಸ್, ಸೆಮಿಫೈನಲ್ ಯಾವುದೂ ಇಲ್ಲ. ತಂಡದಲ್ಲಿ ಒಂಬತ್ತು ಜನ. ಮೊದಲು ನೀರಿಲ್ಲದೆ ಬೆಂಕಿ ಆರಿಸುವ ಡ್ರಿಲ್. ನೀರು ಎಳೆದುಕೊಳ್ಳುವ ನಾಲ್ಕು ಸಕ್ಷನ್ ಹೋಸ್ ಜೋಡಿಸಿ ಪಂಪಿಗೆ ಸೇರಿಸಬೇಕು, ಆಮೇಲೆ ಹೋಸ್ ಹಾಸಬೇಕು. ಅದು ಮುಗಿದ ಮೇಲೆ ಎಂಟು ಜನ ತಲಾ 50 ಮೀಟರ್ ಓಡುವ ರಿಲೇ, ಒಬ್ಬರು ಹೊರಗೆ. ಲೆಕ್ಕ 500 ಪಾಯಿಂಟ್‌ನಿಂದ ಶುರು. ಡ್ರಿಲ್ಲಿನ ಸೆಕೆಂಡು, ತಪ್ಪುಗಳ ಪಾಯಿಂಟು, ರಿಲೇಯ ಸೆಕೆಂಡು, ಮೂರನ್ನೂ ಕಳೆದು ಉಳಿದದ್ದು ನಿಮ್ಮದು. ಡ್ರಿಲ್ ನಡುವೆ ಸುಮ್ನೆ ಒಂದು ಮಾತಾಡಿದರೂ 10 ಹೋಯಿತು. ರಿಲೇಯಲ್ಲಿ ಎರಡು ಸೆಕೆಂಡು ಉಳಿಸಿ ಅಲ್ಲಿ ಬಾಯಿ ಬಿಟ್ಟರೆ ಏನು ಪ್ರಯೋಜನ ಹೇಳಿ?

ಇನ್ನೊಂದು, ಇಂಟರ್‌ನೆಟ್ಟಿನಲ್ಲಿ ಮನೆಯ ಸೂರು ಹತ್ತಿ ಇಳಿದು, 2 ಮೀಟರ್ ಗೋಡೆ ಹಾರಿ, ಕೊನೆಗೆ ತಟ್ಟೆಯಲ್ಲಿ ಉರಿಯೋ ಬೆಂಕಿ ಆರಿಸುವ ವಿಡಿಯೋ ನೋಡಿರಬಹುದು. ಅದು ನಾಲ್ಕು ಜನ ತಲಾ 100 ಮೀಟರ್ ಓಡುವ ಬೇರೆ ಆಟ. ಜೆಕ್ ಕಡೆ ಜಾಸ್ತಿ. ಅದನ್ನು ನೋಡಿ ಅಭ್ಯಾಸ ಮಾಡಬೇಡಿ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಇಲ್ಲಿ ಕೈಯಿಂದ ಕೈಗೆ ಹೋಗೋದು ಕೋಲಲ್ಲ, ಹೋಸಿನ ತುದಿಗೆ ಹಾಕುವ ನಾಝಲ್. ಒಂದು ಕಡೆ ದಪ್ಪ ಕಪ್ಲಿಂಗ್, ಅಂದರೆ ಹೋಸಿಗೆ ಜೋಡಿಸುವ ಭಾಗ, ಅದರಲ್ಲಿ ಎರಡು ಕೊಕ್ಕೆ. ಇನ್ನೊಂದು ಕಡೆ ಸಣ್ಣ ಬಾಯಿ. ನಡುವೆ ಕೈಗೆ ಸರಿಯಾಗಿ ಕೂರುವ ಜಾಗ. ಆ ನಡುವಿನ ಜಾಗವೇ ನನ್ನನ್ನು ಕೆಡಿಸಿತು. ತಲೆ ಮೇಲೆ ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್, ಮೈಯೆಲ್ಲಾ ಬೆವರು. ನಾಝಲ್ ಕೈಗೆ ಬಂದ ಕೂಡಲೇ ನಡುವೆ ಬಿಗಿಯಾಗಿ ಹಿಡಿದೆ. ಓಡೋದಕ್ಕೆ ಅದೇ ಅನುಕೂಲ. ಆದರೆ ನಾನು ನಡುವೆ ಹಿಡಿದರೆ ಮುಂದಿನವನು ಎಲ್ಲಿ ಹಿಡಿಯಬೇಕು? ನಾನು ನಾಲ್ಕನೆಯವನು. ಐದನೆಯವನು ಬಡಗಿ, ಅವನ ಅಂಗೈ ನನ್ನದರ ಒಂದೂವರೆಯಷ್ಟಿದೆ. ಅಂಥ ಕೈಗೆ ಸಿಕ್ಕಿದ್ದು ಎರಡು ಬೆರಳಿನಷ್ಟು ತುದಿ. ಅವನು ಆಗಲೇ ಓಟ ಶುರು ಮಾಡಿದ್ದ. ಅವನು ಎಳೆದ, ನಾನು ಬಿಟ್ಟೆ, ನಾಝಲ್ ಹುಲ್ಲಿನ ಮೇಲೆ ಬಿದ್ದು ಎರಡು ಉರುಳು ಉರುಳಿತು. ಅವನು ತಿರುಗಿ, ಬಗ್ಗಿ, ಹೆಕ್ಕಿಕೊಂಡು ಓಡುವಷ್ಟರಲ್ಲಿ ನಾಲ್ಕು ಸೆಕೆಂಡು.

ಡ್ರಿಲ್ 38 ಸೆಕೆಂಡು, ಒಂದು ಕಪ್ಲಿಂಗ್ ನೆಲಕ್ಕೆ ಬಿದ್ದದ್ದಕ್ಕೆ 5, ರಿಲೇ 61. ಒಟ್ಟು 396. ಆ ಸಂಜೆ ಮೊದಲ ಎಂಟು ತಂಡಗಳಿಗೆ ಅಕ್ಕಪಕ್ಕ ನಿಲ್ಲಿಸಿ ಸೋತವರು ಮನೆಗೆ ಅನ್ನುವ ನಾಕೌಟ್ ಇತ್ತು. ಎಂಟನೇ ತಂಡದ್ದು 398. ನಾವು ಒಂಬತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ನಾಕೌಟ್‌ನಲ್ಲಿ ಬರೀ ಡ್ರಿಲ್, ರಿಲೇಯೇ ಇರಲಿಲ್ಲ.

ಯಾರೂ ಬೈಯಲಿಲ್ಲ. ಬಡಗಿ ಬಂದು ಬೆನ್ನು ತಟ್ಟಿದ. ನನಗೆ ಮಾತ್ರ ಅಜ್ಜ ನೆನಪಾದರು. ತೋಟದಲ್ಲಿ ಕತ್ತಿ ಕೊಡುವಾಗ ಹಿಡಿ ಎದುರಿನವರ ಕಡೆಗಿರಬೇಕು ಅಂತ ಎಷ್ಟು ಸಲ ಹೇಳಿದ್ದರು! ಇದೂ ಅಷ್ಟೇ. ಕಪ್ಲಿಂಗಿನ ಕಡೆ ನೀವು ಹಿಡಿಯಿರಿ, ಉಳಿದದ್ದು ಪೂರ್ತಿ ಮುಂದಿನವರಿಗೆ ಬಿಡಿ. ಅವರು ತಗೊಂಡು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಎರಡೂ ಕೈ ಬಳಸಿ ಹಿಡಿತ ಕಪ್ಲಿಂಗಿನ ಕಡೆಗೆ ಬದಲಾಯಿಸಬೇಕು. ಕೊನೆಯ ಹತ್ತು ಮೀಟರಿಗೆ ಇಟ್ಟುಕೊಂಡರೆ ಮರೆತೇ ಹೋಗುತ್ತೆ.

ಹಾಗಾಗಿ ಜೋರಾಗಿ ಓಡುವವರು ಎಲ್ಲಿ ನಿಲ್ಲಬೇಕು ಅನ್ನೋ ಪ್ರಶ್ನೆಯೇ ನನಗೆ ಸರಿ ಅನ್ನಿಸಲ್ಲ. ಎಲ್ಲರೂ 50 ಮೀಟರೇ ಓಡೋದು. ಅವರು ಮೊದಲು ಓಡಿದರೂ ಕೊನೆಗೆ ಓಡಿದರೂ ಮೊತ್ತ ಅದೇ. ಕೈ ಬದಲಾಗುವ ಏಳು ಜಾಗ ನೋಡಿ. ಯಾರ ಕೈಯಿಂದ ಯಾರಿಗೆ ಸಲೀಸಾಗಿ ಹೋಗುತ್ತೋ ಅವರನ್ನು ಅಕ್ಕಪಕ್ಕ ಹಾಕಿ. ಹೊರಗೆ ಕೂರಿಸುವ ಒಂಬತ್ತನೆಯವರು ನಿಧಾನ ಓಡುವವರೇ ಆಗಬೇಕೆಂದಿಲ್ಲ. ಎರಡು ಸಲ ನಾಝಲ್ ಬೀಳಿಸಿದವರನ್ನು, ಅವರೆಷ್ಟೇ ವೇಗದವರಾಗಿರಲಿ, ನಾನಾದರೆ ಹೊರಗಿಡುತ್ತೇನೆ.

ದೇಶಮಟ್ಟದ ಸ್ಪರ್ಧೆ ಅಂತ ಕನಸಿದ್ದರೆ ಅದೂ ಒಟ್ಟು ಪಾಯಿಂಟಿನ ಮೇಲೇ. ಪ್ರತಿ ರಾಜ್ಯ ತನ್ನ ಮೇಲಿನ ತಂಡಗಳನ್ನು ಕಳಿಸುತ್ತೆ. 2022ರಲ್ಲಿ ಸಾಂಕ್ಟ್ ಪೋಲ್ಟನ್‌ನಲ್ಲಿ, 2024ರಲ್ಲಿ ಫೆಲ್ಡ್‌ಕಿರ್ಶ್‌ನಲ್ಲಿ ಆಯಿತು. ಆದರೆ ನೀವು ಮೊದಲು ಈ ಸ್ಪರ್ಧೆಯ ಮೊದಲ ಹಂತವಾದ ಕಂಚಿನ ಬ್ಯಾಡ್ಜ್ ಮುಗಿಸಿಕೊಳ್ಳಿ. ಅದರಲ್ಲಿ ಡ್ರಿಲ್ಲಿನ ಜಾಗ ಮೊದಲೇ ಗೊತ್ತಿರುತ್ತೆ. ಬೆಳ್ಳಿಗೆ ಹೋದರೆ ಚೀಟಿ ಎತ್ತಿ ಜಾಗ ಕೊಡ್ತಾರೆ, ಒಂಬತ್ತೂ ಜನರ ಕೆಲಸ ಬಂದಿರಬೇಕು.

ಮುಂದಿನ ಅಭ್ಯಾಸಕ್ಕೆ ಹೋದಾಗ ನಾಝಲನ್ನು ಒಂದು ವಾರ ಮನೆಗೆ ಒಯ್ಯಲು ಕೊಡ್ತೀರಾ ಅಂತ ಕಮಾಂಡರನ್ನು ಕೇಳಿ. ನಮ್ಮವರು ಕೊಟ್ಟಿದ್ದರು. ನಾನು ಅಡುಗೆಮನೆಯಿಂದ ಹಾಲ್‌ವರೆಗೆ ಓಡಿ ಹೆಂಡತಿಯ ಕೈಗೆ ಕೊಡುತ್ತಿದ್ದೆ, ದಿನಕ್ಕೆ ಇಪ್ಪತ್ತು ಸಲ. ಮರುವರ್ಷ ಅದೇ ಬಡಗಿಗೆ ಕೊಟ್ಟಾಗ ಅವನು ತಿರುಗಿಯೂ ನೋಡಲಿಲ್ಲ.